ಕಣ್ಣಿನ ಸಣ್ಣ ಚಿಕಿತ್ಸೆಗೆ ನಿರೀಕ್ಷೆ ಮೀರಿದ ಬಿಲ್ಲು: ಮೊದಲು ಕೇಳಬೇಕಾದದ್ದು, ಆಮೇಲೆ ಮಾಡಬೇಕಾದದ್ದು

ಹಾಸನದ ಖಾಸಗಿ ಕಣ್ಣಿನ ಆಸ್ಪತ್ರೆಗಳ ಬಿಲ್ಲಿಂಗ್ ಕೌಂಟರಿನ ಮುಂದೆ ಆಗಾಗ ಕೇಳಿಬರುವ ಮಾತೊಂದಿದೆ: “ಡಾಕ್ಟರು ಎರಡು ನಿಮಿಷದಲ್ಲಿ ಕಸ ತೆಗೆದರು, ಅಷ್ಟಕ್ಕೆ ಇಷ್ಟು ದುಡ್ಡೇ?” ಸಕಲೇಶಪುರದ ಕಾಫಿ ತೋಟದಲ್ಲಿ ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಮಾಡುವಾಗ ಕಣ್ಣಿಗೆ ತೊಗಟೆಯ ಚೂರು ಬಿದ್ದವರು, ಕಳೆ ಕೊಚ್ಚುವ ಯಂತ್ರದಿಂದ ಸಿಡಿದ ಕಲ್ಲಿನ ಚೂರು ತಗುಲಿದವರು, ವರ್ಕ್‌ಶಾಪಿನಲ್ಲಿ ಗ್ರೈಂಡಿಂಗ್ ಮಾಡುವಾಗ ಕಬ್ಬಿಣದ ಕಿಡಿ ಹಾರಿದ ಹುಡುಗರು, ರೆಪ್ಪೆಯ ಗಂಟು ಕರಗದೆ ಬೇಸತ್ತವರು, ಪೊರೆಯ ಆಪರೇಷನ್ ಆಗಿ ಕೆಲವು ವರ್ಷಗಳ ಮೇಲೆ ಮತ್ತೆ ಮಬ್ಬು ಕವಿದ ಹಿರಿಯರು, ಇವರೆಲ್ಲರೂ ಸಾಮಾನ್ಯವಾಗಿ ಸಮಾಲೋಚನೆಯ ಫೀಸಿಗೆ ಮತ್ತು ಬಸ್ಸಿನ ಚಾರ್ಜಿಗೆ ಸಾಕಾಗುವಷ್ಟು ಹಣವನ್ನು ಹಿಡಿದುಕೊಂಡು ಬಂದಿರುತ್ತಾರೆ. ಬಿಲ್ಲು ಅದರ ಹಲವು ಪಟ್ಟು ಆದಾಗ ಜೊತೆಯಲ್ಲಿ ಬಂದವರಿಂದ ಸಾಲ ಪಡೆದು ಕಟ್ಟಿ, ಊರಿಗೆ ಹೋಗುವ ದಾರಿಯುದ್ದಕ್ಕೂ ಮೋಸ ಹೋದೆವೆಂಬ ಸಂಕಟವನ್ನು ಅನುಭವಿಸುತ್ತಾರೆ.

ಈ ಸಂಕಟದ ಬಹುಪಾಲು ತಪ್ಪಿಸಬಹುದಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆಸ್ಪತ್ರೆಗೆ ತನ್ನ ಕೆಲಸಕ್ಕೆ ತಕ್ಕ ಶುಲ್ಕವನ್ನು ಪಡೆಯುವ ಹಕ್ಕು ಇದೆ; ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಮೇಲಿನ ಕಣವನ್ನು ಸೂಜಿಯ ಮೊನೆಯಿಂದ ಬಿಡಿಸುವುದು ಎರಡು ನಿಮಿಷದ ಕೆಲಸವಾದರೂ ವರ್ಷಗಳ ಕಲಿಕೆಯನ್ನು ಬೇಡುವ ಕೆಲಸ. ಆದರೆ ಆ ಶುಲ್ಕ ಎಷ್ಟೆಂದು ಸೂಜಿ ಮುಟ್ಟಿಸುವ ಮೊದಲು ತಿಳಿಯುವ ಹಕ್ಕು ರೋಗಿಗೂ ಅಷ್ಟೇ ಇದೆ. ಮೊದಲೇ ಹೇಳದೆ ಆಮೇಲೆ ವಸೂಲಿ ಮಾಡುವುದೇ ಜನರ ಸಿಟ್ಟಿಗೆ ನಿಜವಾದ ಕಾರಣ. ಆದ್ದರಿಂದ ಏನು ಕೇಳಬೇಕು, ಯಾವಾಗ ಕೇಳಬೇಕು, ಬಿಲ್ಲು ತಪ್ಪೆನಿಸಿದರೆ ಎಲ್ಲಿಗೆ ಹೋಗಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇನೆ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ಬಿಲ್ಲಿನ ಭಯದಿಂದ ಕಣ್ಣಿನ ಗಾಯವನ್ನು ಮನೆಯಲ್ಲೇ ಇಟ್ಟುಕೊಂಡು ಕೂರಬಾರದು. ಸೀರೆಯ ಸೆರಗಿನಿಂದ ಕಸ ತೆಗೆಯುವುದು, ಸೊಪ್ಪಿನ ರಸ ಬಿಡುವುದು, ಔಷಧಿ ಅಂಗಡಿಯಲ್ಲಿ ಯಾವುದೋ ಹನಿಯನ್ನು ಕೇಳಿ ತರುವುದು, ಇವೆಲ್ಲ ನಮ್ಮ ಕಡೆ ಈಗಲೂ ನಡೆಯುತ್ತಿವೆ. ಎಲೆ, ಕಡ್ಡಿ, ಭತ್ತದ ಹೊಟ್ಟು ತಗುಲಿದ ಕಣ್ಣಿಗೆ ಶಿಲೀಂಧ್ರದ ಸೋಂಕು ಹತ್ತಬಹುದು, ಅಂಥ ಕಣ್ಣಿಗೆ ಸ್ಟೆರಾಯ್ಡ್ ಇರುವ ಹನಿಯನ್ನು ಹಾಕಿದರೆ ಹುಣ್ಣು ಉಲ್ಬಣಿಸಿ ದೃಷ್ಟಿಯೇ ಹೋಗಬಹುದು. ಸುಣ್ಣ, ಆಸಿಡ್ ಅಥವಾ ಕೀಟನಾಶಕ ಸಿಡಿದಿದ್ದರೆ ಯಾರನ್ನೂ ಕಾಯದೆ ಶುದ್ಧ ನೀರಿನಿಂದ ಕನಿಷ್ಠ ಹದಿನೈದು ನಿಮಿಷ ಕಣ್ಣನ್ನು ತೊಳೆದು, ನಂತರ ಹತ್ತಿರದ ಆಸ್ಪತ್ರೆಗೆ ಧಾವಿಸಬೇಕು. ಅಂಥ ಹೊತ್ತಿನಲ್ಲಿ ದರ ವಿಚಾರಿಸುತ್ತ ನಿಲ್ಲುವಂತಿಲ್ಲ. ಮುಂದೆ ಹೇಳುವ ಮಾತುಗಳು ಕೇಳಿ ತಿಳಿದುಕೊಳ್ಳಲು ಸಮಯವಿರುವ ಚಿಕಿತ್ಸೆಗಳಿಗೆ ಸಂಬಂಧಿಸಿದವು, ಮತ್ತು ಕಣ್ಣಿನ ಸಣ್ಣ ಚಿಕಿತ್ಸೆಗಳಲ್ಲಿ ಹೆಚ್ಚಿನವು ಅಂಥವೇ.

ಬಿಲ್ಲು ಬೆಳೆಯುವ ಬಗೆ

ಚೀಟಿ ಮಾಡಿಸುವಾಗ ಕೌಂಟರಿನಲ್ಲಿ ಹೇಳುವ ಮೊತ್ತ ಸಮಾಲೋಚನೆಯದು ಮಾತ್ರ. ಹೊಸಬರಾದರೆ ಅದಕ್ಕೆ ನೋಂದಣಿ ಅಥವಾ ಫೈಲಿನ ಶುಲ್ಕ ಸೇರಿರಬಹುದು. ಒಳಗೆ ಗಲ್ಲವನ್ನು ಊರಿಸಿ ನೋಡುವ ಯಂತ್ರದ ಮುಂದೆ ಕುಳಿತ ಮೇಲೆ ವೈದ್ಯರು “ಇಲ್ಲೊಂದು ಕಣ ಸಿಕ್ಕಿಕೊಂಡಿದೆ, ತೆಗೆದುಬಿಡೋಣ” ಎಂದಾಗ ರೋಗಿಯ ಪಾಲಿಗೆ ಅದೂ ನೋಡುವುದರ ಮುಂದುವರಿದ ಭಾಗ; ಆಸ್ಪತ್ರೆಯ ಲೆಕ್ಕದಲ್ಲಿ ಅದು ಬೇರೆಯೇ ಬಾಬ್ತು, ಎಂದರೆ ‘ಪ್ರೊಸೀಜರ್’. ಮರಗಟ್ಟಿಸುವ ಹನಿ, ಗಾಯವನ್ನು ಗುರುತಿಸಲು ಬಳಸುವ ಬಣ್ಣದ ಪಟ್ಟಿ, ಸೂಜಿ, ಕಣ್ಣಿಗೆ ಕಟ್ಟುವ ಪ್ಯಾಡು, ಇವು ಕೆಲವೆಡೆ ಪ್ರೊಸೀಜರ್ ಶುಲ್ಕದಲ್ಲೇ ಸೇರಿರುತ್ತವೆ, ಕೆಲವೆಡೆ ಬೇರೆ ಬೇರೆ ಸಾಲುಗಳಾಗಿ ಬರುತ್ತವೆ. ಸಂಜೆಯ ನಂತರ ಅಥವಾ ಭಾನುವಾರ ಹೋದರೆ ತುರ್ತು ಸಮಾಲೋಚನೆಯ ದರ ಬೀಳಬಹುದು. ಬೆಂಗಳೂರು ಅಥವಾ ಮಂಗಳೂರಿನಿಂದ ನಿಗದಿತ ದಿನಗಳಲ್ಲಿ ಬಂದುಹೋಗುವ ತಜ್ಞರ ಫೀಸು ಅಲ್ಲಿಯೇ ಇರುವ ವೈದ್ಯರ ಫೀಸಿಗಿಂತ ಬೇರೆಯಾಗಿರಬಹುದು.

ಚಿಕಿತ್ಸೆಯ ಸ್ವರೂಪದಿಂದಲೂ ಮೊತ್ತ ಬದಲಾಗುತ್ತದೆ. ಕಬ್ಬಿಣದ ಕಣ ಕಾರ್ನಿಯಾದಲ್ಲಿ ಕೆಲವು ಗಂಟೆಗಳ ಕಾಲ ಉಳಿದರೂ ಅದರ ಸುತ್ತ ತುಕ್ಕಿನ ಉಂಗುರ ಕಟ್ಟಿಕೊಳ್ಳುತ್ತದೆ. ಕಣವನ್ನು ಮೊದಲ ದಿನ ತೆಗೆದು, ಉಳಿದ ತುಕ್ಕನ್ನು ಇನ್ನೊಂದು ದಿನ ತೆಗೆಯಬೇಕಾಗಿ ಬಂದರೆ ಅದು ಮತ್ತೊಂದು ಪ್ರೊಸೀಜರ್ ಆಗಬಹುದು. ರೆಪ್ಪೆಯ ಗಂಟನ್ನು ಕೊಯ್ದು ತೆಗೆಯುವಾಗ ಎರಡು ರೆಪ್ಪೆಗಳಲ್ಲಿ ಗಂಟಿದ್ದರೆ ಎರಡಕ್ಕೂ ಬೇರೆ ದರವಿರಬಹುದು. ವಯಸ್ಸಾದವರಲ್ಲಿ ಅದೇ ಜಾಗದಲ್ಲಿ ಗಂಟು ಮತ್ತೆ ಮತ್ತೆ ಬರುತ್ತಿದ್ದರೆ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಲು ತೆಗೆದ ಮಾಂಸವನ್ನು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಅದು ಅಗತ್ಯವಾದ ಪರೀಕ್ಷೆ, ಹಣ ಉಳಿಸಲೆಂದು ಬೇಡ ಎನ್ನಬಾರದು. ಆದರೆ ಅದರ ಬಿಲ್ಲು ಪ್ರತ್ಯೇಕ ಎಂಬುದು ಮೊದಲೇ ಗೊತ್ತಿರಬೇಕು.

ಪೊರೆಯ ಆಪರೇಷನ್ ಆದವರಲ್ಲಿ ಒಳಗಿಟ್ಟ ಲೆನ್ಸಿನ ಹಿಂದಿನ ಪದರ ಕಾಲಕ್ರಮೇಣ ಮಸುಕಾದಾಗ ಯಾಗ್ ಲೇಸರ್‌ನಿಂದ ಅದರಲ್ಲಿ ಕಿಂಡಿ ಮಾಡುತ್ತಾರೆ. ನೋವಿಲ್ಲದೆ ಕೆಲವೇ ನಿಮಿಷಗಳಲ್ಲಿ ಮುಗಿಯುವ ಚಿಕಿತ್ಸೆ ಇದು. ನನ್ನ ಚಿಕ್ಕಮ್ಮನವರಿಗೆ ಇದನ್ನು ಮಾಡಿಸಿದಾಗ ಸಿಬ್ಬಂದಿ ಒಂದು ಮೊತ್ತವನ್ನು ಹೇಳಿದ್ದರು; ಬಿಲ್ಲು ಅದರ ಎರಡರಷ್ಟು ಬಂದಿತು, ಏಕೆಂದರೆ ಹೇಳಿದ್ದು ಒಂದು ಕಣ್ಣಿನ ದರ, ಮಾಡಿದ್ದು ಎರಡೂ ಕಣ್ಣಿಗೆ. ಬಿಲ್ಲಿನಲ್ಲಿ ತಪ್ಪಿರಲಿಲ್ಲ. ಹೇಳಿದ ರೀತಿಯಲ್ಲಿ ತಪ್ಪಿತ್ತು, ಮತ್ತು ಆ ತಪ್ಪಿನ ಬೆಲೆಯನ್ನು ತೆರಬೇಕಾದವರು ಪಿಂಚಣಿಯ ಮೇಲೆ ಬದುಕುವ ಹಿರಿಯರು.

ಕುರ್ಚಿಯಿಂದ ಏಳುವ ಮೊದಲು ಕೇಳಬೇಕಾದ ಮಾತು

ವೈದ್ಯರು “ತೆಗೆದುಬಿಡೋಣ” ಅಥವಾ “ಒಂದು ಸ್ಕ್ಯಾನ್ ಮಾಡಿಸೋಣ” ಎಂದ ಕೂಡಲೇ ಹೀಗೆ ಕೇಳಬಹುದು: “ಆಗಲಿ ಸರ್, ಇದಕ್ಕೆ ಬೇರೆ ಚಾರ್ಜ್ ಇದೆಯೇ? ಒಟ್ಟು ಎಷ್ಟಾಗುತ್ತದೆ ಎಂದು ಕೌಂಟರಿನಲ್ಲಿ ಬರೆದುಕೊಡಲು ಹೇಳುತ್ತೀರಾ?” ಇದರಲ್ಲಿ ಅಗೌರವವೇನೂ ಇಲ್ಲ. ವೈದ್ಯರ ಎದುರು ದುಡ್ಡಿನ ಮಾತೆತ್ತಲು ನಮ್ಮ ಜನ ಸಂಕೋಚಪಡುತ್ತಾರೆ, ಹಿರಿಯರಂತೂ ಅದನ್ನು ಅಪಚಾರವೆಂದೇ ಭಾವಿಸುತ್ತಾರೆ. ಆದರೆ ವೈದ್ಯರ ವೃತ್ತಿ ನಡವಳಿಕೆಯ ಕುರಿತ 2002ರ ನಿಯಮಗಳೇ, ವೈದ್ಯರು ತಮ್ಮ ಫೀಸನ್ನೂ ಇತರ ಶುಲ್ಕಗಳನ್ನೂ ತಮ್ಮ ಕೊಠಡಿಯ ಅಥವಾ ಆಸ್ಪತ್ರೆಯ ಫಲಕದಲ್ಲಿ ಸ್ಪಷ್ಟವಾಗಿ ಪ್ರಕಟಿಸಬೇಕೆಂದು ಹೇಳುತ್ತವೆ. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರವೂ ಖಾಸಗಿ ಆಸ್ಪತ್ರೆಗಳು ತಮ್ಮ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ದರಗಳ ಪಾರದರ್ಶಕತೆ ಒಂದು ಹಕ್ಕಾಗಿಯೇ ಸೇರಿದೆ. ಅಂದರೆ ನಾವು ಕೇಳುತ್ತಿರುವುದು ಅವರು ಹೇಗೂ ಹೇಳಬೇಕಾಗಿರುವುದನ್ನೇ.

ಒಟ್ಟು ಮೊತ್ತವನ್ನು ಕೇಳುವಾಗ ಕೆಲವು ವಿಷಯಗಳನ್ನು ಬಿಡಿಸಿ ಕೇಳಬೇಕು: ಹೇಳಿದ ದರ ಒಂದು ಕಣ್ಣಿಗೋ ಎರಡಕ್ಕೋ, ಸಾಮಗ್ರಿ ಮತ್ತು ಔಷಧಿ ಅದರಲ್ಲಿ ಸೇರಿವೆಯೇ, ಚಿಕಿತ್ಸೆ ನಡೆಯುವುದು ತಪಾಸಣಾ ಕೊಠಡಿಯಲ್ಲೋ ಮೈನರ್ ಓಟಿಯಲ್ಲೋ (ಸಣ್ಣ ಶಸ್ತ್ರಚಿಕಿತ್ಸೆಗಳ ಕೊಠಡಿಯಲ್ಲೋ), ಮತ್ತೆ ತೋರಿಸಲು ಬಂದಾಗ ಫೀಸು ಉಂಟೇ, ಇಲ್ಲವೆಂದರೆ ಎಷ್ಟು ದಿನಗಳವರೆಗೆ ಇಲ್ಲ. ಕೊನೆಯ ಪ್ರಶ್ನೆಯನ್ನು ಬಹಳ ಮಂದಿ ಮರೆಯುತ್ತಾರೆ. ಕಣವನ್ನು ತೆಗೆದ ಮೇಲೆ ಗಾಯ ಮಾಯುತ್ತಿದೆಯೇ ಎಂದು ನೋಡಲು ಮರುದಿನವೋ ಅದರ ಮರುದಿನವೋ ಕರೆಯುತ್ತಾರೆ. ಪ್ರತಿ ಭೇಟಿಗೂ ಫೀಸು ಇದ್ದರೆ ಕಳಸದಿಂದಲೋ ಅರಕಲಗೂಡಿನಿಂದಲೋ ಬರುವವರಿಗೆ ಒಟ್ಟು ಖರ್ಚಿನ ಲೆಕ್ಕವೇ ಬದಲಾಗುತ್ತದೆ. ತುರ್ತಿಲ್ಲದ ಚಿಕಿತ್ಸೆಯಾದರೆ “ಮನೆಯಲ್ಲಿ ವಿಚಾರಿಸಿ ನಾಳೆ ಬರುತ್ತೇನೆ” ಎನ್ನುವುದಕ್ಕೂ ಹಿಂಜರಿಯಬೇಕಾಗಿಲ್ಲ. ರೆಪ್ಪೆಯ ಗಂಟಿಗೆ ಬಿಸಿ ಬಟ್ಟೆಯ ಶಾಖ ಕೊಟ್ಟರೆ ಅನೇಕರಲ್ಲಿ ಅದು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೊಯ್ಯುವ ಮೊದಲು ಹಾಗೆ ಕಾಯಬಹುದೇ ಎಂದು ವೈದ್ಯರನ್ನೇ ಕೇಳಬೇಕು.

ಕಣ್ಣಿನ ಆಸ್ಪತ್ರೆಗೇ ವಿಶೇಷವಾದ ಒಂದು ತೊಡಕಿದೆ, ಅದಕ್ಕೆ ತಕ್ಕಷ್ಟು ಗಮನ ಸಿಕ್ಕಿಲ್ಲ ಎಂದು ನನಗೆ ಅನ್ನಿಸುತ್ತದೆ. ಕಣ್ಣಿನ ಹಿಂಭಾಗವನ್ನು ನೋಡಲು ಪಾಪೆಯನ್ನು ಅಗಲಿಸುವ ಹನಿ ಹಾಕುತ್ತಾರೆ. ಅದಾದ ಮೇಲೆ ಕೆಲವು ಗಂಟೆಗಳ ಕಾಲ ಹತ್ತಿರದ ಅಕ್ಷರ ಕಾಣುವುದಿಲ್ಲ, ಬೆಳಕು ಚುಚ್ಚುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವುದೂ ಬಿಲ್ಲನ್ನು ಕೈಗೆ ಕೊಡುವುದೂ ಎಷ್ಟೋ ಸಲ ಇದೇ ಹೊತ್ತಿನಲ್ಲಿ. ಓದಲಾಗದ ಸ್ಥಿತಿಯಲ್ಲಿರುವ ಮನುಷ್ಯನಿಂದ ಓದಿ ಒಪ್ಪಿದ್ದೇನೆ ಎಂದು ಬರೆಸಿಕೊಂಡಂತೆ ಇದು. ಆದ್ದರಿಂದ ಓದುಬಲ್ಲ ಒಬ್ಬರನ್ನು ಕಡ್ಡಾಯವಾಗಿ ಜೊತೆಗೆ ಕರೆದೊಯ್ಯಬೇಕು. ಒಬ್ಬರೇ ಹೋಗಬೇಕಾಗಿ ಬಂದರೆ ದರಪಟ್ಟಿಯನ್ನು ಹನಿ ಹಾಕುವ ಮೊದಲೇ ಓದಿ, ಅದರ ಫೋಟೋವನ್ನು ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಬೇಕು; ಸಹಿ ಹಾಕುವ ಮುನ್ನ ಸಿಬ್ಬಂದಿಯಿಂದ ಕಾಗದವನ್ನು ಗಟ್ಟಿಯಾಗಿ ಓದಿಸಿ ಕೇಳಿಕೊಳ್ಳಬೇಕು.

ಹಣ ಕಟ್ಟುವ ಹೊತ್ತಿನಲ್ಲಿ

ಒಟ್ಟು ಮೊತ್ತ ಮಾತ್ರ ಇರುವ ಚೀಟಿಯನ್ನು ಒಪ್ಪಿಕೊಳ್ಳಬಾರದು. ಪ್ರತಿಯೊಂದು ಬಾಬ್ತನ್ನೂ ಬೇರೆ ಬೇರೆ ತೋರಿಸುವ, ಆಸ್ಪತ್ರೆಯ ಹೆಸರು, ದಿನಾಂಕ ಮತ್ತು ಕ್ರಮಸಂಖ್ಯೆ ಇರುವ ಬಿಲ್ಲನ್ನೇ ಕೇಳಬೇಕು. ಸೇವೆಗೆ ಬಿಲ್ಲು ಅಥವಾ ರಸೀದಿ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ. ಬಿಲ್ಲಿನ ಸಾಲುಗಳನ್ನು ಒಂದೊಂದಾಗಿ ನಡೆದ ಸಂಗತಿಯೊಂದಿಗೆ ಹೋಲಿಸಬೇಕು. ಓಟಿಗೆ ಹೋಗದಿದ್ದರೂ ಓಟಿ ಶುಲ್ಕವಿದೆಯೇ, ಒಂದೇ ಕೆಲಸ ಎರಡು ಹೆಸರಿನಲ್ಲಿ ಬಂದಿದೆಯೇ, ಮಾಡದ ಪರೀಕ್ಷೆ ಸೇರಿದೆಯೇ ಎಂದು ನೋಡಬೇಕು. ಔಷಧಿ ಮತ್ತು ಸಾಮಗ್ರಿಗಳ ಡಬ್ಬಿಯ ಮೇಲೆ ಮುದ್ರಿತವಾದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ, ಅದನ್ನು ಮೀರಿ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಸಮಾಲೋಚನೆ, ತಪಾಸಣೆ ಮತ್ತು ಚಿಕಿತ್ಸೆಗೆ ಜಿಎಸ್‌ಟಿಯಿಂದ ವಿನಾಯಿತಿ ಇದೆ. ಆ ಸಾಲುಗಳ ಮುಂದೆ ತೆರಿಗೆ ಕಂಡರೆ ಪ್ರಶ್ನಿಸಬೇಕು. ಕನ್ನಡಕಕ್ಕೆ ಜಿಎಸ್‌ಟಿ ಇದೆ, 2025ರ ಸೆಪ್ಟೆಂಬರ್ 22ರಿಂದ ಅದು ಶೇಕಡಾ 5ಕ್ಕೆ ಇಳಿದಿದೆ.

ಆಸ್ಪತ್ರೆಯ ಕೆಳಗಿನ ಅಂಗಡಿಯಲ್ಲೇ ಔಷಧಿ ಮತ್ತು ಕನ್ನಡಕ ಕೊಳ್ಳಬೇಕೆಂಬ ಕಟ್ಟುಪಾಡಿಲ್ಲ. ಚೀಟಿ ರೋಗಿಯದು. ಔಷಧಿಯ ಮೂಲ ಹೆಸರನ್ನು ಬರೆಸಿಕೊಂಡು ಜನೌಷಧಿ ಕೇಂದ್ರದಲ್ಲಿ ವಿಚಾರಿಸಬಹುದು. ಆದರೆ ಹನಿಯನ್ನು ಬದಲಿಸುವ ನಿರ್ಧಾರ ವೈದ್ಯರದೇ ಆಗಿರಬೇಕು, ಅಂಗಡಿಯವರದಲ್ಲ.

ಬಿಲ್ಲು ಸರಿಯಿಲ್ಲ ಎನಿಸಿದರೂ ಕಟ್ಟಲೇಬೇಕಾದ ಒತ್ತಡ ಬಂದರೆ ಯುಪಿಐ ಅಥವಾ ಕಾರ್ಡಿನ ಮೂಲಕ ಕಟ್ಟುವುದು ಒಳ್ಳೆಯದು, ಏಕೆಂದರೆ ಅದಕ್ಕೆ ದಾಖಲೆ ಉಳಿಯುತ್ತದೆ. ಆಸ್ಪತ್ರೆಯ ಪ್ರತಿಯ ಮೇಲೆ “ಆಕ್ಷೇಪಣೆಯೊಂದಿಗೆ ಪಾವತಿಸಿದ್ದೇನೆ” ಎಂದು ಬರೆದು ಸಹಿ ಮಾಡಿ, ಅದರ ಫೋಟೋ ಇಟ್ಟುಕೊಳ್ಳಬೇಕು. ಕೌಂಟರಿನ ಹುಡುಗಿಯ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ದರ ನಿಗದಿಪಡಿಸಿದವರು ಅವರಲ್ಲ, ಕಡಿಮೆ ಮಾಡುವ ಅಧಿಕಾರವೂ ಅವರಿಗಿಲ್ಲ.

ವಿಮೆ ಮತ್ತು ಸರ್ಕಾರಿ ಸೌಲಭ್ಯ

ಆರೋಗ್ಯ ವಿಮೆ ಇದೆ ಎಂಬ ಧೈರ್ಯದಿಂದ ಹೋದವರಿಗೂ ಇಲ್ಲಿ ನಿರಾಶೆಯಾಗುವುದುಂಟು. ಹೆಚ್ಚಿನ ಪಾಲಿಸಿಗಳು ಒಳರೋಗಿಯಾಗಿ ದಾಖಲಾಗುವ ಚಿಕಿತ್ಸೆಗೂ ಡೇ ಕೇರ್ (ದಾಖಲಾಗಿ ಅದೇ ದಿನ ಮನೆಗೆ ಮರಳುವ) ಚಿಕಿತ್ಸೆಗೂ ಹಣ ಕೊಡುತ್ತವೆ, ಹೊರರೋಗಿ ವಿಭಾಗದಲ್ಲಿ ಮುಗಿದುಹೋಗುವ ಕೆಲಸಕ್ಕೆ ಕೊಡುವುದಿಲ್ಲ. ಪೊರೆಯ ಶಸ್ತ್ರಚಿಕಿತ್ಸೆ ಡೇ ಕೇರ್ ಆಗುತ್ತದೆ. ಕಸ ತೆಗೆಸಿದ್ದು, ಒಳಮುಖವಾಗಿ ಬೆಳೆದ ರೆಪ್ಪೆಗೂದಲು ಕೀಳಿಸಿದ್ದು, ಕಣ್ಣೀರಿನ ನಾಳ ತೊಳೆಸಿದ್ದು ಸಾಮಾನ್ಯವಾಗಿ ಆಗುವುದಿಲ್ಲ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ಆದರೆ ತುರ್ತಲ್ಲದ ಕಾಯಿಲೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆ ಚಿಕಿತ್ಸೆ ಲಭ್ಯವಿಲ್ಲದಿದ್ದರೆ ಅವರೇ ಶಿಫಾರಸು ಪತ್ರ ಕೊಡುತ್ತಾರೆ. ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗಿ, ಚಿಕಿತ್ಸೆ ಮುಗಿದ ಮೇಲೆ ಕಾರ್ಡು ತೋರಿಸಿದರೆ ನಡೆಯುವುದಿಲ್ಲ. ಸಹಕಾರ ಸಂಘಗಳ ಸದಸ್ಯರಾಗಿ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದವರು ಆ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ, ಆ ಚಿಕಿತ್ಸೆ ಅದರಲ್ಲಿ ಸೇರಿದೆಯೇ ಎಂದು ಮೊದಲೇ ವಿಚಾರಿಸಬೇಕು. ತೋಟದ ಕಾರ್ಮಿಕರು ಕೆಲಸದ ವೇಳೆಯಲ್ಲಾದ ಕಣ್ಣಿನ ಗಾಯವನ್ನು ಅದೇ ದಿನ ರೈಟರಿಗೋ (ತೋಟದ ಲೆಕ್ಕ ಬರೆಯುವವರಿಗೋ) ಮ್ಯಾನೇಜರಿಗೋ ತಿಳಿಸಿ ದಾಖಲು ಮಾಡಿಸಬೇಕು. ಚಿಕಿತ್ಸೆಯ ವೆಚ್ಚವನ್ನು ತೋಟದ ಕಡೆಯಿಂದ ಕೇಳಲು ಅದು ಆಧಾರವಾಗುತ್ತದೆ.

ಈ ಸಣ್ಣ ಚಿಕಿತ್ಸೆಗಳಲ್ಲಿ ಹಲವನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳಬಹುದು ಎಂಬುದನ್ನು ನಾವು ಬೇಗ ಮರೆಯುತ್ತೇವೆ. ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆಯಲ್ಲಿಯೂ ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಲ್ಲಿಯೂ ನೇತ್ರ ವಿಭಾಗವಿದೆ. ಸಾಲು ಉದ್ದವಿರುತ್ತದೆ, ಬೆಳಗ್ಗೆ ಬೇಗ ಹೋಗಬೇಕಾಗುತ್ತದೆ, ಅದು ನಿಜ. ಆದರೂ ದಿನಗೂಲಿಯವರಿಗೆ ಒಂದು ದಿನದ ಕೂಲಿ ಹೋದರೂ ಖಾಸಗಿ ಬಿಲ್ಲಿಗಿಂತ ಅದೇ ಕಡಿಮೆ ನಷ್ಟ.

ದೂರು ಕೊಡುವ ಕ್ರಮ

ಮೊದಲ ದೂರು ಆಸ್ಪತ್ರೆಯ ಆಡಳಿತಾಧಿಕಾರಿಗೆ, ಬರವಣಿಗೆಯಲ್ಲಿ. ಬಾಯಿಮಾತಿನ ಜಗಳಕ್ಕೆ ದಾಖಲೆಯಿಲ್ಲ. ಪತ್ರ ಹೀಗಿರಬಹುದು:

“ಮಾನ್ಯರೇ, ನಾನು ಇಂಥ ದಿನಾಂಕದಂದು ತಮ್ಮ ಆಸ್ಪತ್ರೆಯಲ್ಲಿ ಬಲಗಣ್ಣಿನಲ್ಲಿದ್ದ ಕಣವನ್ನು ತೆಗೆಸಿಕೊಂಡಿದ್ದೇನೆ. ಬಿಲ್ಲಿನ ಸಂಖ್ಯೆ ಇಂಥದು. ಚಿಕಿತ್ಸೆಗೆ ಮೊದಲು ಸಮಾಲೋಚನೆಯ ಶುಲ್ಕವನ್ನು ಮಾತ್ರ ನನಗೆ ತಿಳಿಸಲಾಗಿತ್ತು. ಬಿಲ್ಲಿನಲ್ಲಿ ಪ್ರೊಸೀಜರ್ ಶುಲ್ಕ ಮತ್ತು ಮೈನರ್ ಓಟಿ ಶುಲ್ಕ ಎಂಬ ಎರಡು ಬಾಬ್ತುಗಳನ್ನು ಸೇರಿಸಲಾಗಿದೆ. ಕಣವನ್ನು ತಪಾಸಣಾ ಕೊಠಡಿಯಲ್ಲೇ ತೆಗೆಯಲಾಗಿದ್ದು, ನನ್ನನ್ನು ಓಟಿಗೆ ಕರೆದೊಯ್ದಿರುವುದಿಲ್ಲ. ಆದ್ದರಿಂದ ಓಟಿ ಶುಲ್ಕವನ್ನು ಹಿಂದಿರುಗಿಸಬೇಕೆಂದೂ, ಪ್ರೊಸೀಜರ್ ಶುಲ್ಕ ತಮ್ಮ ಪ್ರಕಟಿತ ದರಪಟ್ಟಿಯ ಪ್ರಕಾರ ಇದೆಯೇ ಎಂಬುದನ್ನು ಪಟ್ಟಿಯ ಪ್ರತಿಯೊಂದಿಗೆ ಲಿಖಿತವಾಗಿ ತಿಳಿಸಬೇಕೆಂದೂ ಕೋರುತ್ತೇನೆ. ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಸಲ್ಲಿಸುತ್ತೇನೆ.”

ಪತ್ರದಲ್ಲಿ ಬೈಗುಳ, ಬೆದರಿಕೆ, ವೈದ್ಯರ ನಡತೆಯ ಮೇಲಿನ ಆರೋಪ ಯಾವುದೂ ಬೇಡ. ಯಾವ ಸಾಲು, ಏಕೆ ತಪ್ಪು, ಎಷ್ಟು ಹಣ ವಾಪಸು ಬೇಕು ಎಂಬಷ್ಟೇ ಇರಲಿ. ಇದರೊಂದಿಗೆ ಚಿಕಿತ್ಸೆಯ ದಾಖಲೆಗಳ ಪ್ರತಿಯನ್ನೂ ಕೇಳಬೇಕು. ರೋಗಿ ಕೇಳಿದ 72 ಗಂಟೆಗಳೊಳಗೆ ಅವನ್ನು ಕೊಡಬೇಕೆಂದು ಮೇಲೆ ಹೇಳಿದ 2002ರ ನಿಯಮಗಳಲ್ಲಿದೆ. ಓಟಿಗೆ ಕರೆದೊಯ್ದರೋ ಇಲ್ಲವೋ ಎಂಬುದು ಆ ದಾಖಲೆಯಿಂದಲೇ ಗೊತ್ತಾಗುತ್ತದೆ. ಪತ್ರವನ್ನು ಖುದ್ದಾಗಿ ಕೊಟ್ಟರೆ ನಕಲಿನ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು, ಇಲ್ಲವೇ ಸ್ಪೀಡ್ ಪೋಸ್ಟಿನಲ್ಲಿ ಕಳಿಸಬೇಕು. ಸಣ್ಣ ಊರಿನ ಆಸ್ಪತ್ರೆಗಳು ಹೆಸರಿಗೆ ಅಂಜುತ್ತವೆ. ಸ್ಪಷ್ಟವಾದ ಪತ್ರ ಬಂದಾಗ ಈ ಹಂತದಲ್ಲೇ ಎಷ್ಟೋ ವ್ಯಾಜ್ಯಗಳು ಮುಗಿಯುತ್ತವೆ.

ಮುಗಿಯದಿದ್ದರೆ ಮುಂದಿನ ದಾರಿ ಜಿಲ್ಲಾ ಮಟ್ಟದ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಈ ಪ್ರಾಧಿಕಾರಕ್ಕೆ ರೋಗಿಗಳ ದೂರನ್ನು ವಿಚಾರಿಸುವ ಹೊಣೆಯೂ ಬಂದಿದೆ. ಜಿಲ್ಲಾಧಿಕಾರಿಗಳು ಇದರ ಅಧ್ಯಕ್ಷರು. ದೂರನ್ನು ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ಸಲ್ಲಿಸಬಹುದು. ದರಪಟ್ಟಿಯನ್ನೇ ಹಾಕಿರದಿದ್ದರೆ ಅಥವಾ ಪಟ್ಟಿಗಿಂತ ಹೆಚ್ಚು ಪಡೆದಿದ್ದರೆ ಅದನ್ನು ದೂರಿನ ಮೊದಲ ಸಾಲಿನಲ್ಲೇ ಬರೆಯಬೇಕು, ಹನಿ ಹಾಕುವ ಮೊದಲು ತೆಗೆದಿಟ್ಟ ಫೋಟೋ ಆಗ ಕೆಲಸಕ್ಕೆ ಬರುತ್ತದೆ. ವೈದ್ಯರ ವೃತ್ತಿ ನಡವಳಿಕೆಯ ಬಗ್ಗೆ ದೂರಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ಬರೆಯಬಹುದು, ಆದರೆ ಪರಿಷತ್ತು ಹಣ ವಾಪಸು ಕೊಡಿಸುವ ಸಂಸ್ಥೆಯಲ್ಲ.

ಹಣ ವಾಪಸಾಗಲೇಬೇಕು ಎನ್ನುವವರಿಗೆ ಗ್ರಾಹಕ ವೇದಿಕೆ ಇದೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿಯೇ ತೀರ್ಪು ನೀಡಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ದಾಖಲಿಸಬಹುದು. ಅವರು ಆಸ್ಪತ್ರೆಯನ್ನು ಸಂಪರ್ಕಿಸಿ ರಾಜಿಗೆ ಪ್ರಯತ್ನಿಸುತ್ತಾರೆ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ಹೋಗಬೇಕು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಹೂಡಬಹುದಾದ್ದರಿಂದ, ಚಿಕಿತ್ಸೆಯನ್ನು ಬೆಂಗಳೂರಿನಲ್ಲಿ ಪಡೆದ ಬೇಲೂರಿನವರು ಹಾಸನದ ಆಯೋಗಕ್ಕೇ ಹೋಗಬಹುದು, ಮೂಡಿಗೆರೆಯವರು ಚಿಕ್ಕಮಗಳೂರಿನ ಆಯೋಗಕ್ಕೆ. ಕಾಲಮಿತಿ ಎರಡು ವರ್ಷ. ಮೊತ್ತ ತೀರಾ ಚಿಕ್ಕದಾಗಿದ್ದರೆ ಆಯೋಗದ ಓಡಾಟಕ್ಕಿಂತ ಜಿಲ್ಲಾ ಪ್ರಾಧಿಕಾರವೇ ವಾಸಿ ಎಂದು ನಾನು ಹೇಳುತ್ತೇನೆ. ಒಂದೇ ಆಸ್ಪತ್ರೆಯಲ್ಲಿ ಹಲವರಿಗೆ ಹೀಗೇ ಆಗಿದ್ದರೆ ಎಲ್ಲರೂ ತಮ್ಮ ತಮ್ಮ ಬಿಲ್ಲುಗಳೊಂದಿಗೆ ಪ್ರಾಧಿಕಾರಕ್ಕೆ ಬರೆದಾಗ ದೂರಿಗೆ ತೂಕ ಬರುತ್ತದೆ. ಎಲ್ಲಿಗೇ ಹೋದರೂ ಬಿಲ್ಲು, ಹಣ ಕಟ್ಟಿದ ದಾಖಲೆ, ಚಿಕಿತ್ಸೆಯ ಚೀಟಿ ಮತ್ತು ಆಸ್ಪತ್ರೆಗೆ ಬರೆದ ಪತ್ರದ ನಕಲುಗಳನ್ನು ಮಾತ್ರ ದೂರಿಗೆ ಲಗತ್ತಿಸಿ, ಮೂಲ ಪ್ರತಿಗಳನ್ನು ಮನೆಯಲ್ಲೇ ಜೋಪಾನವಾಗಿ ಇಟ್ಟುಕೊಳ್ಳಬೇಕು.